ಏಳು ಐವತ್ತೆರಡರ ಆಯ್ಕೆ ಸಮಿತಿ

ನಮ್ಮ ದೇಶದ ಕ್ರಿಕೆಟ್ ತಂಡವನ್ನು ಆರಿಸುವುದು ಯಾರು ಅಂತ ನಿಮಗೆ ಗೊತ್ತುಂಟಾ? ಕೋಟು ಹಾಕಿಕೊಂಡು ಟೀವಿಯಲ್ಲಿ ಹೆಸರು ಓದುತ್ತಾರಲ್ಲ, ಅವರು ಅಂತ ನೀವು ತಿಳಿದಿದ್ದರೆ ನಿಮ್ಮಷ್ಟು ಪಾಪದವರು ಇನ್ನೊಬ್ಬರಿಲ್ಲ! ತಂಡ ಆರಿಸುವುದು ನಮ್ಮ ಮನೆಯವರು. ಬದಲಾಪುರದಲ್ಲಿ, ಮೂರನೇ ಮಾಳಿಗೆಯ ನಮ್ಮ ಅಡುಗೆಮನೆಯಲ್ಲಿ, ಬೆಳಿಗ್ಗೆ ಆರೂವರೆಗೆ, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದುಕೊಂಡು. ಕೋಟು ಹಾಕಿದವರು ಇವರ ಮಾತು ಕೇಳುವುದಿಲ್ಲ, ಅದಕ್ಕೇ ನಾವು ಸೋಲುತ್ತೇವೆ. ಇಷ್ಟೇ ವಿಷಯ.

ಇವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಮೂವತ್ತೊಂದು ವರ್ಷ ಸಂಸಾರ ಮಾಡಿದ ಮೇಲೆ ಈಗ ಯಾಕೆ ರಿಸ್ಕು? ಉಡುಪಿ ಕಡೆಯವರು, ಶಹರದ ಫೋರ್ಟ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸ ಅಂತ ತಿಳಿದುಕೊಂಡರೆ ಸಾಕು.

ನಮ್ಮ ಅಡುಗೆಮನೆಯ ಗೋಡೆಯಲ್ಲೊಂದು ಕ್ಯಾಲೆಂಡರ್ ಉಂಟು. ಬೇರೆಯವರ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ, ಗ್ಯಾಸ್ ಬಂದ ದಿನ ಇರುತ್ತದೆ. ನಮ್ಮದರಲ್ಲಿ ಒಂದೊಂದು ಚೌಕದಲ್ಲೂ ಹನ್ನೊಂದು ಹೆಸರು! ಒಮ್ಮೆ ನಾನು ಗ್ಯಾಸ್ ಬುಕ್ ಮಾಡಲು ಗುರುತು ಹಾಕಿಟ್ಟ ಚೌಕದ ಮೇಲೆಯೇ ಮೂವರು ವೇಗದ ಬೌಲರುಗಳನ್ನು ತಂದು ನಿಲ್ಲಿಸಿದ್ದರು. ಗುರುತು ಮುಚ್ಚಿಹೋಯಿತು, ನಾನು ಮರೆತೆ. ಮನೆತುಂಬ ನೆಂಟರು, ಕಾವಲಿಯ ಮೇಲೆ ಹೋಳಿಗೆ, ಗ್ಯಾಸ್ ಖತಂ!

"ನಿಮ್ಮ ಬೌಲರುಗಳಿಗೆ ಹೇಳಿ, ಬಂದು ಒಲೆ ಊದಲಿ!" ಅಂತ ಕಿರುಚಿದೆ.

ಇವರು ಕ್ಯಾಲೆಂಡರನ್ನೇ ನೋಡುತ್ತಾ, "ನೀನು ಹೇಳುವುದು ಸರಿ ಮಾರಾಯ್ತಿ. ಆ ಪಿಚ್ಚಿಗೆ ಇಬ್ಬರೇ ಸಾಕಿತ್ತು" ಅಂದರು.

ಇಂಥವರನ್ನು ನಮ್ಮ ಬಿಲ್ಡಿಂಗಿನ ಸೊಸೈಟಿಯವರು ವಾಚ್‌ಮನ್ ಆರಿಸುವ ಕಮಿಟಿಗೆ ಹಾಕಿದರು ನೋಡಿ! "ಫಿಟ್‌ನೆಸ್ ಇಲ್ಲದವರನ್ನು ತೆಗೆದುಕೊಂಡೇ ದೇಶ ಹಾಳಾದದ್ದು" ಅಂತ ಇವರು ಕೈಗಡಿಯಾರ ಹಿಡಿದು ನಿಂತು, ಬಂದ ನಾಲ್ವರನ್ನೂ ನಾಲ್ಕು ಮಾಳಿಗೆ ಹತ್ತಿಸಿ ಇಳಿಸಿದರು. ಗೆದ್ದವನು ನಿಜಕ್ಕೂ ಚಿಗರೆ. ಮರುವಾರ ಕಂಪೌಂಡಿನೊಳಗೆ ಒಂದು ಗೂಳಿ ನುಗ್ಗಿತು. ಚಿಗರೆ ಟ್ರಯಲ್ಲಿಗಿಂತ ಅರ್ಧ ಸಮಯದಲ್ಲಿ ನಾಲ್ಕನೇ ಮಾಳಿಗೆಯಲ್ಲಿತ್ತು! ಗೂಳಿಯನ್ನು ಹೊರಗಟ್ಟಿದ್ದು ಕೆಳಗಿನ ಮನೆಯ ಅಜ್ಜಿ, ಹಳೇ ಪೊರಕೆಯಲ್ಲಿ. ಅಂದಿನಿಂದ ಇವರನ್ನು ಯಾವ ಕಮಿಟಿಗೂ ಕರೆದಿಲ್ಲ.

ಆದರೆ ನಿಜವಾದ ಸಮಿತಿ ಕೂರುತ್ತಿದ್ದದ್ದು ಏಳು ಐವತ್ತೆರಡರ ಲೋಕಲ್ ಗಾಡಿಯಲ್ಲಿ. ಬದಲಾಪುರದಿಂದಲೇ ಹೊರಡುವ ಗಾಡಿ. ಅದರಲ್ಲಿ ಇವರದೊಂದು ಗ್ರೂಪ್, ಹತ್ತು ಹನ್ನೆರಡು ಜನ. ಆ ಗ್ರೂಪಿಗೊಂದು ಕಾನೂನು. ಠಾಣೆ ಅನ್ನುವ ಊರು ಬಂತೆಂದರೆ ಹೆಚ್ಚುಕಡಿಮೆ ಅರ್ಧ ದಾರಿ. ಅಲ್ಲಿಯವರೆಗೆ ಕೂತು ಬಂದವರು ಏಳಬೇಕು, ನಿಂತು ಬಂದವರು ಕೂರಬೇಕು. ಪ್ರತಿ ಸೀಟಿಗೂ ಇಬ್ಬರ ಜೋಡಿ. "ಠಾಣೆ ಬಂತು" ಅಂದರೆ ಮುಗಿಯಿತು, ಬಾಯಲ್ಲಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಲ್ಲುತ್ತಾರೆ. ನನ್ನ ಮಾತಿಗೆ ಒಂದು ದಿನವೂ ಹಾಗೆ ಎದ್ದವರಲ್ಲ!

ವಿಂಡೋ ಸೀಟು ಇವರದು. ಇವರ ಜೋಡಿ ಬಿಜಾಪುರದ ಪಾಟೀಲರು, ವಯಸ್ಸಿನಲ್ಲಿ ಎರಡೇ ವರ್ಷ ಕಿರಿಯರು. ಒಂದೇ ಸೀಟು ಹಂಚಿಕೊಂಡ ಇಬ್ಬರಿಗೂ ಹತ್ತೊಂಬತ್ತು ವರ್ಷಗಳಲ್ಲಿ ಆರನೇ ನಂಬರಿನ ಬ್ಯಾಟ್ಸ್‌ಮನ್ ಬಗ್ಗೆ ಒಮ್ಮತ ಬಂದಿಲ್ಲ. ಇವರಿಗೆ ಅಲ್ಲಿ ಆಲ್‌ರೌಂಡರ್ ಬೇಕು, ಪಾಟೀಲರಿಗೆ ಅಪ್ಪಟ ಬ್ಯಾಟ್ಸ್‌ಮನ್. ಭಾನುವಾರ ಆಫೀಸಿಲ್ಲವಲ್ಲ, ಆವತ್ತು ಜಗಳ ಫೋನಿನಲ್ಲಿ. ಇವರು ಸ್ನಾನಕ್ಕೆ ಹೋಗಿದ್ದರೆ ನನಗೇ ಹೇಳಿಬಿಡುತ್ತಿದ್ದರು:

"ವೈನಿ, ನಿಮ್ಮ ಮನಿಯವ್ರಿಗೆ ಹೇಳ್ರಿ. ಆಲ್‌ರೌಂಡರ್ ಅಂದ್ರ ಎರಡೂ ಬರಲಾರದಂವ ಅಂತ!"

ನಾನು ಬಚ್ಚಲಿನ ಬಾಗಿಲು ಬಡಿದು ಹೇಳುತ್ತಿದ್ದೆ. ಒಳಗಿನಿಂದ ಸೋಪಿನ ನೊರೆಯ ಜೊತೆ ಉತ್ತರ ಬರುತ್ತಿತ್ತು: "ಎರಡು ಮೊಣಕಾಲೂ ಮಡಚಲಾಗದ ಮನುಷ್ಯನಿಗೆ ಫೀಲ್ಡಿಂಗ್ ಎಂತ ಗೊತ್ತು ಅಂತ ಹೇಳು!" ಇದನ್ನು ನಾನು ಸ್ವಲ್ಪ ಸಕ್ಕರೆ ಹಾಕಿ ದಾಟಿಸುತ್ತಿದ್ದೆ.

ಅಷ್ಟರಲ್ಲಿ ನಮ್ಮ ತಂಡ ಸೋಲಲು ಶುರುಮಾಡಿತು. ಪರದೇಶದಲ್ಲಿ ಸೋತರೆ ಚಳಿ, ಗಾಳಿ ಅಂತ ಹೇಳಬಹುದು. ಸ್ವಂತ ಅಂಗಳದಲ್ಲೇ, ನಾವೇ ಅಗೆದು ಹದ ಮಾಡಿದ ಪಿಚ್ಚಿನಲ್ಲೇ ಸೋತರೆ? ಇವರು ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ಹೊತ್ತಿಗೆ ಪೆನ್ಸಿಲು ಎತ್ತಿಕೊಂಡರು. "ಮೂವತ್ತೈದು ದಾಟಿದವರೆಲ್ಲ ಮನೆಗೆ! ದಾಕ್ಷಿಣ್ಯ ಇಲ್ಲ!" ಅಂತ ಕ್ಯಾಲೆಂಡರಿನಿಂದ ದೊಡ್ಡ ದೊಡ್ಡ ಹೆಸರುಗಳನ್ನೇ ಗುಡಿಸಿ ಹಾಕಿದರು. ಎಂಥೆಂಥ ಹುಲಿಗಳು! ಚಹಾ ಆರುವುದರೊಳಗೆ ನಾಲ್ವರನ್ನು ಮನೆಗೆ ಕಳಿಸಿದರು.

ನಮ್ಮ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಘರ್ ಜಾಕೇ ವೋ ಲೋಗ್ ಕರೇಂಗೇ ಕ್ಯಾ?" ಅಂತ ಕೇಳಿದಳು. ಮನೆಗೆ ಹೋಗಿ ಅವರು ಮಾಡುವುದಾದರೂ ಏನು ಅಂತ. ಇವರು ಪೆನ್ಸಿಲು ಕೆಳಗಿಟ್ಟು ಚಹಾದ ಲೋಟ ಎತ್ತಿಕೊಂಡರು.

ಒಂದೆರಡು ತಿಂಗಳಾಯಿತು. ಒಂದು ಬೆಳಿಗ್ಗೆ ಕ್ಯಾಲೆಂಡರ್ ನೋಡುತ್ತೇನೆ, ಮನೆಗೆ ಹೋದ ಹುಲಿಯೊಂದು ಐದನೇ ನಂಬರಿನಲ್ಲಿ ಕೂತಿದೆ! ಮರುವಾರ ಇನ್ನೊಂದು. ಅದರ ಮರುವಾರ ನಾಲ್ಕೂ ಹಾಜರ್!

"ಏನ್ರೀ, ಇವರನ್ನೆಲ್ಲ ಕಳಿಸಿಯಾಗಿತ್ತಲ್ಲ?"

"ಅನುಭವಕ್ಕೆ ಒಂದು ಬೆಲೆ ಅಂತ ಉಂಟು. ವಯಸ್ಸಾಯಿತು ಅಂತ ದೂಡಿ ಹಾಕುವುದಾ? ಕಣ್ಣು ಚುರುಕಿಲ್ಲವಾ, ತಲೆ ಓಡುವುದಿಲ್ಲವಾ?" ಅಂತ ನನ್ನ ಮೇಲೆಯೇ ರೇಗಿದರು. ನಾನೇನು ಅವರನ್ನು ದೂಡಿದ್ದೆನಾ?

ಆಮೇಲೆ ನನಗೆ ಹೊಳೆಯಿತು. ಆ ತಿಂಗಳ ಕೊನೆಗೆ ಇವರಿಗೆ ಅರವತ್ತು ತುಂಬುತ್ತಿತ್ತು, ರಿಟೈರ್‌ಮೆಂಟು. ಮೊದಲು ನಗು ಬಂತು. ಆಮೇಲೆ ಇನ್ನೊಂದು ಲೋಟ ಚಹಾ ಸೋಸಿ ಇವರ ಮುಂದಿಟ್ಟೆ.

ಗ್ರೂಪಿನಲ್ಲಿ ಇನ್ನೊಂದು ಪದ್ಧತಿಯಿತ್ತು. ರಿಟೈರ್ ಆಗುವವರು ತಮ್ಮ ಸೀಟು ಯಾರಿಗೆ ಅಂತ ಹೇಳಿ ಹೋಗಬೇಕು. ಜೋಡಿ ಸಿಗದೆ ಎಂಟು ವರ್ಷಗಳಿಂದ ಬಾಗಿಲ ಹತ್ತಿರ ನಿಂತೇ ಬರುತ್ತಿದ್ದ ಕುಲಕರ್ಣಿ ಅನ್ನುವವರಿಗೆ ಸಿಗಬೇಕು ಅಂತ ಎಲ್ಲರ ಲೆಕ್ಕ. ಪಾಟೀಲರಿಗೆ ಹೇಗೂ ಠಾಣೆಯಿಂದ ಮುಂದೆ ಆ ಸೀಟೇ ಇತ್ತಲ್ಲ. ಹನ್ನೊಂದು ಜನರನ್ನು ಹತ್ತು ನಿಮಿಷದಲ್ಲಿ ಆರಿಸುವವರಿಗೆ ಒಬ್ಬನನ್ನು ಆರಿಸಲು ಒಂದು ವಾರ ಸಾಕಾಗಲಿಲ್ಲ! ಬರೆದರು, ಅಳಿಸಿದರು, ಕ್ಯಾಲೆಂಡರಿನ ಕಾಗದ ತೂತು ಬಿತ್ತು.

"ಪಾಟೀಲರಿಗೇ ಕೊಟ್ಟರಾಗದಾ?" ಅಂತ ಕೇಳಿದೆ.

"ಅವರಿಗೆ ಕ್ರಿಕೆಟ್ಟೇ ಗೊತ್ತಿಲ್ಲ."

"ರೈಲಿನಲ್ಲಿ ಕೂರಲಿಕ್ಕೆ ಕ್ರಿಕೆಟ್ ಯಾಕೆ?"

"ನಿನಗೆ ಗೊತ್ತಾಗುವುದಿಲ್ಲ" ಅಂದರು. ಅಂದರೆ ತಮಗೂ ಗೊತ್ತಾಗಲಿಲ್ಲ ಅಂತ ಅರ್ಥ.

ಕೊನೆಯ ದಿನ ಶಾಲು, ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದವರು ಎರಡನ್ನೂ ಮೇಜಿನ ಮೇಲಿಟ್ಟರು. ಸ್ನಾನಕ್ಕೆ ಹೋದರು. ಹೋದದ್ದೇ ತಡ, ಪಾಟೀಲರ ಫೋನು.

"ವೈನಿ, ಸೀಟು ನನಗ ಬರದ ಕೊಟ್ರು! ಎಲ್ಲಾರೂ ಗದ್ದಲಾ ಮಾಡಿದ್ರು. ಒಬ್ಬ ಮನಶಾಗ ಎರಡು ಇನ್ನಿಂಗ್ಸ್ ಹೆಂಗ ಕೊಡ್ತೀರಿ ಅಂದ್ರು. ಇವ್ರು ಅಂದ್ರು, ಟೆಸ್ಟ್ ಮ್ಯಾಚಿನ್ಯಾಗ ಎಲ್ಲಾರಿಗೂ ಎರಡ ಇನ್ನಿಂಗ್ಸ್ ಇರ್ತಾವ, ಅಷ್ಟೂ ಗೊತ್ತಿಲ್ಲೇನು ಅಂತ!" ಅಂತ ನಕ್ಕರು. ಆಮೇಲೆ ದನಿ ಸಣ್ಣದಾಯಿತು. "ವೈನಿ, ನಿಮಗ ಹೇಳಿರಲಿಕ್ಕಿಲ್ಲ ಅವ್ರು. ನನ್ನ ಮೊಣಕಾಲು ಕೆಟ್ಟು ಎರಡು ವರ್ಷಾತು. ಎರಡು ವರ್ಷದಿಂದ ಇವ್ರು ಠಾಣೆ ತನಕಾ ಕೂತೇ ಇಲ್ರಿ. ಠಾಣೆಗಿಂತ ಎಷ್ಟೋ ಮೊದಲ, ಕಲ್ಯಾಣ ಸ್ಟೇಷನ್ ಬರೂದ ತಡ ಎದ್ದು, ನಿಂತಗೊಂಡು ವಾದಾ ಮಾಡಿದ್ರ ನನಗ ಪಾಯಿಂಟ್ ಛಲೋ ಹೊಳಿತಾವು ಅನ್ನೋರು. ನಾನೂ ಖರೇ ಅಂತ ತಿಳದಿದ್ದೆ. ಹುಚ್ಚ ನಾನು." ಕುಲಕರ್ಣಿಯವರನ್ನು ಠಾಣೆಯ ಆಚೆಯ ದಾದರಿನಿಂದ ತಾನು ಕೂರಿಸುತ್ತೇನೆ ಅಂತಲೂ ಹೇಳಿ ಫೋನ್ ಇಟ್ಟರು. ನಾನು ರಾತ್ರಿ ಊಟಕ್ಕೆ ಇವರಿಗೆ ಒಂದು ಹಪ್ಪಳ ಜಾಸ್ತಿ ಕಾಯಿಸಿದೆ.

ಮರುದಿನ ಆರೂವರೆಗೆ ಚಹಾ ಕೊಟ್ಟೆ. ಕ್ಯಾಲೆಂಡರಿನ ಚೌಕ ಖಾಲಿ. ಪೆನ್ಸಿಲು ಮುಟ್ಟಲೇ ಇಲ್ಲ. ಏಳು ಐವತ್ತೆರಡು ದಾಟಿತು. ಇವರು ಅಡುಗೆಮನೆಗೆ ಬಂದರು, ನನಗೆ ಅಡ್ಡವಾಯಿತು. ಹಾಲಿಗೆ ಹೋದರು, ಕಸ ಗುಡಿಸುವವಳಿಗೆ ಅಡ್ಡವಾಯಿತು. ಮೂವತ್ತೊಂದು ವರ್ಷದಲ್ಲಿ ಹಗಲು ಹೊತ್ತು ಈ ಮನೆಯಲ್ಲಿ ಇವರಿಗೆ ಅಂತ ಒಂದು ಜಾಗವೇ ಆಗಿರಲಿಲ್ಲ! ಭಾನುವಾರ ಸಹ ಫೋನು ಹಿಡಿದು ಓಡಾಡುತ್ತಿದ್ದವರು.

ಕಿಟಕಿಯ ಹತ್ತಿರ ನನ್ನದೊಂದು ಬೆತ್ತದ ಕುರ್ಚಿ ಉಂಟು. ಎಲ್ಲರೂ ಹೊರಗೆ ಹೋದ ಮೇಲೆ ತರಕಾರಿ ಹಚ್ಚುತ್ತಾ ನಾನು ಕೂರುವ ಜಾಗ. ಅದರಲ್ಲಿ ಈವರೆಗೆ ಯಾರನ್ನೂ ಕೂರಲು ಬಿಟ್ಟಿಲ್ಲ, ಮಗಳನ್ನೂ ಬಿಟ್ಟಿಲ್ಲ. ಆವತ್ತೂ ಬಸಳೆ ಹಿಡಿದು ಕೂತಿದ್ದೆ. ತಲೆ ಎತ್ತಿ ನೋಡಿದರೆ ಇವರು ಪಕ್ಕದಲ್ಲೇ ನಿಂತಿದ್ದಾರೆ. ಬಟ್ಟೆ ಒಣಗಿಸಲು ಚಾವಣಿಗೆ ತೂಗುಹಾಕಿದ ಕೋಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ರೈಲಿನಲ್ಲಿ ನಿಂತ ಹಾಗೇ, ಹೊರಗೆ ನೋಡುತ್ತಿದ್ದಾರೆ.

ಬಸಳೆ ತಟ್ಟೆ ಎತ್ತಿಕೊಂಡು ಎದ್ದೆ.

"ಠಾಣೆ ಬಂತು" ಅಂದೆ.

ಇವರು ನನ್ನ ಮುಖ ನೋಡಿದರು. ಕುರ್ಚಿ ನೋಡಿದರು. ಕೋಲು ಬಿಟ್ಟು ಮೆಲ್ಲಗೆ ಕೂತರು. ಆಮೇಲೆ, ಮದುವೆಯಾದ ಮೇಲೆ ಮೊಟ್ಟಮೊದಲ ಸಲ, ನನ್ನನ್ನು ಕೇಳಿದರು:

"ಆರನೇ ನಂಬರಿಗೆ ಯಾರು ಆದೀತು ಮಾರಾಯ್ತಿ?"

ಮೂವತ್ತೊಂದು ವರ್ಷ ಕ್ಯಾಲೆಂಡರ್ ಓದಿದವಳು ನಾನು, ನನಗೆ ಗೊತ್ತಿರುವುದಿಲ್ಲವಾ? "ಅಪ್ಪಟ ಬ್ಯಾಟ್ಸ್‌ಮನ್" ಅಂದೆ.

"ಎಂತ! ಪಾಟೀಲರು ಹೇಳಿಕೊಟ್ಟದ್ದಾ?" ಅಂತ ಅಬ್ಬರಿಸಿದರು. ಶುರುವಾಯಿತು ನೋಡಿ! ನಾನೂ ಬಿಡಲಿಲ್ಲ, ಕೋಲು ಹಿಡಿದು ನಿಂತೇ ವಾದ ಮಾಡಿದೆ. ನಿಂತರೆ ಪಾಯಿಂಟ್ ಚೆನ್ನಾಗಿ ಹೊಳೆಯುವುದು ನಿಜ. ಒಲೆಯ ಮೇಲಿನ ಬೇಳೆ ತಳ ಹಿಡಿಯುವ ತನಕ ಇಬ್ಬರಿಗೂ ಎಚ್ಚರವಿರಲಿಲ್ಲ.

ಬೇಳೆ ಇಳಿಸಿ ನಾನು ವಾಪಸ್ ಬಂದಾಗ ಇವರು ಕುರ್ಚಿಯಿಂದ ಎದ್ದು ನಿಂತಿದ್ದರು. ಕೋಲಿಗೆ ಕೈ ಹಾಕಿ ಆಗಿತ್ತು.

"ಕೂತ್ಕೋ" ಅಂದರು.

"ಇನ್ನೂ ಠಾಣೆ ಬರಲಿಲ್ಲವಲ್ಲ?"

"ಕಲ್ಯಾಣ ಬಂತು ಮಾರಾಯ್ತಿ, ಸಾಕು. ಕೂತ್ಕೋ."