ಇದ್ದಷ್ಟೇ ಹೇಳುತ್ತಿದ್ದ ತಮ್ಮ

ನನ್ನ ತಮ್ಮನಷ್ಟು ಸಪ್ಪೆ ಸುದ್ದಿಗಾರ ಬಾಗಲಕೋಟೆ ಜಿಲ್ಲೆಯಲ್ಲೇ ಇರಲಿಲ್ಲ. ಈ ವಾಕ್ಯ ಅವನ ಕಣ್ಣಿಗೆ ಬಿದ್ದಿದ್ದರೆ, ಜಿಲ್ಲೆಯ ಸುದ್ದಿಗಾರರನ್ನೆಲ್ಲ ನೋಡಿ ಬಂದೆಯಾ ಎಂದು ಕೇಳುತ್ತಿದ್ದ. ಆಗ ನಾನು 'ನನಗೆ ಗೊತ್ತಿದ್ದವರಲ್ಲಿ' ಎಂದು ತಿದ್ದಬೇಕಾಗುತ್ತಿತ್ತು. ನನಗೆ ಗೊತ್ತಿದ್ದ ಸುದ್ದಿಗಾರ ಅವನೊಬ್ಬನೇ. ಅಲ್ಲಿಗೆ ವಾಕ್ಯದಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವನ ಕೈಗೆ ಸಿಕ್ಕ ಮಾತುಗಳೆಲ್ಲ ಹೀಗೇ ಒಣಗಿಹೋಗುತ್ತಿದ್ದವು!

ಅವನು ಟೀವಿ ಚಾನೆಲ್ಲಿಗೆ ಕ್ಯಾಮೆರಾ ಹಿಡಿಯುತ್ತಿದ್ದ. ಬಾಗಲಕೋಟೆಯ ನವನಗರದಲ್ಲಿ ಖೋಲಿ ಮಾಡಿಕೊಂಡು ಒಬ್ಬನೇ ಇದ್ದ. ಕೆಲಸವಿಲ್ಲದ ರವಿವಾರಗಳಲ್ಲಿ ಇಳಕಲ್ಲಿಗೆ, ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಆ ಕೊನೆಯ ರವಿವಾರವೂ ಬಂದ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೆಳಿಗ್ಗೆಯಿಂದ ಒಲೆಯ ಮುಂದೆ ಬೆಂದವಳಿಗೆ ಒಂದು ಒಳ್ಳೆಯ ಮಾತು ಬೇಕೋ ಬೇಡವೋ? ಪಲ್ಯ ಹೇಗಾಗಿದೆ ಎಂದು ಕೇಳಿದೆ. ಅವನು ಇನ್ನೊಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, "ಉಪ್ಪು ಸರಿ ಐತಿ ಯಕ್ಕಾ" ಅಂದ. ಇದು ಅವನ ಹೊಗಳಿಕೆ. ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡು ಉಂಡ ಮೇಲೂ ಅಷ್ಟೇ.

ಅಷ್ಟರಲ್ಲಿ ಫೋನ್ ಬಂತು. ಹಿತ್ತಲಿಗೆ ಹೋಗಿ ಮಾತಾಡಿ, ವಾಪಸು ಬಂದು ಗಂಗಾಳದ ಮುಂದೆ ಕೂತ. ಯಾರದು ಎಂದು ನಮ್ಮ ಮನೆಯವರು ಕೇಳಿದರು.

"ಯುದ್ಧಕ್ಕ ಹೋಗಂತಾರ್ರಿ ಮಾಮಾ."

"ಯಾರ ಮನಿ ಮ್ಯಾಲೋ?"

ಅವನು ನಗಲಿಲ್ಲ. ಟೀವಿಯಲ್ಲಿ ದಿನವೂ ಹೊಗೆ ಏಳುತ್ತಿದ್ದ ಒಂದು ದೇಶದ ಹೆಸರು ಹೇಳಿ, ಮೊಸರು ಹಾಕಿಸಿಕೊಂಡ.

ಹೋದವನು ಪೆಟ್ಟಿಗೆಯಲ್ಲಿ ಬಂದ. ಅವನು ಹೇಗೆ ಸತ್ತ ಎಂಬುದರ ಬಗ್ಗೆ ನನ್ನ ಹತ್ತಿರ ಈಗ ಹಲವು ಸುದ್ದಿಗಳಿವೆ. ಒಂದಕ್ಕೊಂದು ಕೂಡುವುದಿಲ್ಲ. ನನಗೆ ಬೇಕಾಗಿರುವುದು ಅವನೇ ಹೇಳುತ್ತಿದ್ದಂಥ ಒಂದು ಸಪ್ಪೆ ಸುದ್ದಿ: ಎಲ್ಲಿ, ಯಾವಾಗ, ಹೇಗೆ. ಅದನ್ನು ಹುಡುಕುತ್ತ ಕೂತವಳಿಗೆ ಅವನ ವಿಚಿತ್ರಗಳೇ ಒಂದರ ಹಿಂದೆ ಒಂದು ನೆನಪಿಗೆ ಬರುತ್ತವೆ.

ನನ್ನ ಲಗ್ನದ ಕಥೆಯನ್ನೇ ಕೇಳಿ. ನಮ್ಮ ತವರು ಕೆರೂರು. ಇಳಕಲ್ಲಿನಿಂದ ಸಂಬಂಧ ಬಂದಾಗ, ಹುಡುಗನ ಬಗ್ಗೆ ವಿಚಾರಿಸಿ ಬಾ ಎಂದು ಅಪ್ಪ ಇವನನ್ನು ಕಳಿಸಿದರು. ಬೇರೆಯವರಾಗಿದ್ದರೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದು ಮಾತು ಕೇಳಿ, ಮನೆತನ ಛಲೋ ಇದೆಯಂತೆ ಎಂದು ಹೇಳಿ ಮುಗಿಸುತ್ತಿದ್ದರು. ಇವನು ಆ ಮನೆಗೆ ಬೇಕಾದವರನ್ನು ಕೇಳಿದ. ಹೊಲದ ಬದುವಿನ ಜಗಳದಲ್ಲಿ ಅವರ ಜೊತೆ ಮಾತು ಬಿಟ್ಟವನನ್ನೂ ಹುಡುಕಿಕೊಂಡು ಹೋಗಿ ಕೇಳಿದ. ಊರಿಗೆ ಬಂದವನು ಹುಡುಗನ ಸೋದರಮಾವ ನಮ್ಮ ಪಡಸಾಲೆಯಲ್ಲಿ ಕೂತಿದ್ದಾಗಲೇ ಎಲ್ಲವನ್ನೂ ಒಪ್ಪಿಸಿಬಿಟ್ಟ. ಹುಡುಗ ಕುಡಿಯುವುದಿಲ್ಲ ಎನ್ನುವವರು ಮೂವರು, ಆದರೆ ಅವರಲ್ಲಿ ಇಬ್ಬರು ಆ ಮನೆಯ ಬೀಗರು. ಕುಡಿಯುತ್ತಾನೆ ಎನ್ನುವವನು ಒಬ್ಬ, ಆದರೆ ಅವನಿಗೆ ಬದುವಿನ ಸಿಟ್ಟಿದೆ. ಸೋದರಮಾವ ಕೈಯಲ್ಲಿದ್ದ ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟರು. ಅಪ್ಪ ಬೆವರು ಒರೆಸಿಕೊಂಡು, ನೀನು ಸ್ವತಃ ನೋಡಿದ್ದೇನು, ಅದನ್ನು ಹೇಳು ಎಂದರು.

"ಒಂದು ಸಂಜಿ ಕುಂತು ನೋಡೇನಿ. ಚಾ ಕುಡದ್ರು."

ಆ ಒಂದು ಸುದ್ದಿಯ ಮೇಲೆ ನನ್ನ ಮದುವೆಯಾಯಿತು. ಸುದ್ದಿ ಈವರೆಗೂ ಸುಳ್ಳಾಗಿಲ್ಲ. ನಮ್ಮ ಮನೆಯವರು ಇಂದಿಗೂ ಚಹಾ ಕುಡಿಯುತ್ತಿದ್ದಾರೆ!

ಅವನದೇ ಮದುವೆ ಮಾತ್ರ ಆಗಲಿಲ್ಲ. ಕನ್ಯೆ ನೋಡಿ ಬಂದ ಮೇಲೆ ಹುಡುಗಿ ಹೇಗಿದ್ದಾಳೆ ಎಂದು ಅವ್ವ ಕೇಳಿದರೆ, ಒಂದು ಕಡೆಯ ಮುಖ ಕಂಡಿತು, ಇನ್ನೊಂದು ಕಡೆ ಸೆರಗಿತ್ತು ಎಂದು ಹೇಳಿದ. ಈ ವರದಿಯನ್ನು ಹಿಡಿದುಕೊಂಡು ಯಾವ ತಾಯಿ ಮುಂದಿನ ಮಾತಾಡಬೇಕು?

ಹಾಗಿದ್ದವನು ಟೀವಿಯವರ ಹತ್ತಿರ ಕೆಲಸಕ್ಕೆ ಸೇರಿದ್ದು ಸೋಜಿಗವೇ. ಒಂದು ವರ್ಷ ಮಲಪ್ರಭೆಗೆ ನೀರು ಬಂತು. ಬಾದಾಮಿ ಕಡೆಯ ಒಂದು ಹಳ್ಳಿಯಿಂದ ನೇರ ಪ್ರಸಾರ. ವರದಿಗಾರ ನೀರಿಗಿಳಿದು, ಎದೆಮಟ್ಟದ ಪ್ರವಾಹದಲ್ಲಿ ಜೀವದ ಹಂಗು ತೊರೆದು ನಿಂತಿದ್ದೇನೆ ಎಂದು ಕೂಗುತ್ತಿದ್ದ. ನಮ್ಮ ತಮ್ಮ ಕ್ಯಾಮೆರಾವನ್ನು ಮೆಲ್ಲಗೆ ಬದಿಗೆ ತಿರುಗಿಸಿದ. ವರದಿಗಾರನ ಬೆನ್ನ ಹಿಂದೆಯೇ ಒಬ್ಬ ಹೆಂಗಸು ತಲೆಯ ಮೇಲೆ ಮೇವಿನ ಹೊರೆ ಹೊತ್ತು ನಡೆದುಹೋಗುತ್ತಿದ್ದಳು. ನೀರು ಅವಳ ಮೊಣಕಾಲಿಗೂ ಬಂದಿರಲಿಲ್ಲ. ಕರ್ನಾಟಕವೆಲ್ಲ ನೋಡಿತು. (ಎಲ್ಲ ನೋಡಿರಲಿಕ್ಕಿಲ್ಲ. ನಾವು ನೋಡಿದೆವು.) ಆಮೇಲೆ ಅವನನ್ನು ಕರೆದು ಬೈದರಂತೆ. ಇವನಿಗೆ ಬೈಗುಳದ ಕಾರಣವೇ ತಿಳಿಯಲಿಲ್ಲ. "ಅವ್ರು ಕುಂತಿದ್ರು ಯಕ್ಕಾ. ಕುಂತಾರಂತ ಮಂದಿಗಿ ಗೊತ್ತಾಗಬಾರದೇನು?" ಎಂದು ನನ್ನನ್ನೇ ಕೇಳಿದ.

ಆ ಕೆಲಸ ಹೋಯಿತು. ಇನ್ನೊಂದು ಸಿಕ್ಕಿತು, ಮೊದಲಿನದಕ್ಕಿಂತ ದೊಡ್ಡ ಚಾನೆಲ್ಲು. ಕ್ಯಾಮೆರಾ ಹಿಡಿದರೆ ಕೈ ನಡುಗದವನು ಎಂಬ ಹೆಸರಿತ್ತು. ಯುದ್ಧದ ದೇಶಕ್ಕೆ ಹೋಗಲು ಬೇರೆ ಯಾರೂ ಮುಂದೆ ಬರದಿದ್ದಾಗ ಇವನನ್ನು ಕೇಳಿದರು. ಪಾಸ್‌ಪೋರ್ಟ್ ಇದೆಯಾ ಎಂದರೆ ಇತ್ತು! ಪಾಸ್‌ಪೋರ್ಟು ತಿಂಗಳೊಳಗೆ ಮನೆಗೆ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ಪರೀಕ್ಷೆ ಮಾಡಲು ಹಿಂದೆಯೇ ಅರ್ಜಿ ಹಾಕಿ ತರಿಸಿಕೊಂಡು ಕೂತಿದ್ದ.

ಅಲ್ಲಿಂದ ಅವನ ಫೋನು ಸಂಜೆ ಬರುತ್ತಿತ್ತು. ಇಲ್ಲಿ ನಮ್ಮ ಟೀವಿಯಲ್ಲಿ ಕೆಂಪು ಬಾಣಗಳು ಹಾರುತ್ತಿದ್ದವು, ಸೈರನ್ ಕೂಗುತ್ತಿತ್ತು, ಸ್ಟುಡಿಯೋದೊಳಗೇ ವಿಮಾನ ಇಳಿಯುತ್ತಿತ್ತು. ಒಂದು ಚಾನೆಲ್ಲಿನಲ್ಲಿ ದೇವರಾದವರು, ನಾವು ರಿಮೋಟಿನ ಗುಂಡಿ ಒತ್ತಿದರೆ, ಇನ್ನೊಂದರಲ್ಲಿ ರಾಕ್ಷಸರು. ಊರಿಗೆ ಊರೇ ಬೂದಿ ಎಂದು ಸುದ್ದಿ ಓದುವ ಹುಡುಗಿ ಕೂಗಿದ ಸಂಜೆ ನಾನು ಗಾಬರಿಯಾಗಿ ಅವನನ್ನು ಕೇಳಿದೆ. ತಾನಿರುವ ಓಣಿಯಲ್ಲಿ ಎರಡು ಮನೆ ಬಿದ್ದಿವೆ, ಬೇರೆ ಓಣಿ ತಾನು ನೋಡಿಲ್ಲ, ಒಂದು ಮನೆಯಲ್ಲಿ ಜನ ಇರಲಿಲ್ಲ ಎಂದ.

"ಮತ್ತ ಇನ್ನೊಂದ್ರಾಗ?"

"ಇದ್ರು."

ಟೀವಿಯ ಅಷ್ಟೂ ಗದ್ದಲ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಅಂದು ನಾನು ಒಲೆ ಹಚ್ಚಲಿಲ್ಲ.

ಅವನು ಕಳಿಸಿದ ಚಿತ್ರಗಳೂ ಟೀವಿಗೆ ಬರುವಷ್ಟರಲ್ಲಿ ಬೇರೆಯಾಗುತ್ತಿದ್ದವು. ರೊಟ್ಟಿಗಾಗಿ ಜನ ಮಾತಿಲ್ಲದೆ ಸಾಲು ನಿಂತದ್ದನ್ನು ಇವನು ತೆಗೆದಿದ್ದ. ಇಲ್ಲಿ ಅದಕ್ಕೆ ನಗಾರಿ ಬಾರಿಸಿ, ಅನ್ನಕ್ಕಾಗಿ ಹಾಹಾಕಾರ ಎಂದು ಹಾಕಿದರು. ಯುದ್ಧದ ಎರಡೂ ಕಡೆ ಸತ್ತವರ ಮನೆಗೆ ಹೋಗಿದ್ದನಂತೆ. ಒಂದು ಕಡೆಯ ತಾಯಿ ಅತ್ತದ್ದನ್ನು ದಿನವಿಡೀ ತೋರಿಸಿದರು. ಇನ್ನೊಂದು ಕಡೆಯ ಮುದುಕಿಯನ್ನು ತೋರಿಸಲೇ ಇಲ್ಲ. ಯಾಕೆ ಎಂದು ಕೇಳಿದೆ.

"ಆಕಿ ಆ ಕಡಿಯಾಕಿ ಅಂತ."

"ಆಕಿ ಹ್ಯಾಂಗ ಅತ್ಲೋ?"

"ಹಂಗ ಯಕ್ಕಾ. ಈಕಿ ಅತ್ತಂಗನ."

ಒಂದು ದಿನ ಟೀವಿಯಲ್ಲಿ, ಅವನ ಜೊತೆ ಹೋಗಿದ್ದ ವರದಿಗಾರ ತಲೆಗೆ ಹೆಲ್ಮೆಟ್, ಎದೆಗೆ ಕವಚ ಹಾಕಿಕೊಂಡು ಗೋಡೆಯ ಮರೆಯಲ್ಲಿ ಬಗ್ಗಿ ನಿಂತು ಮಾತಾಡುತ್ತಿದ್ದ. ಈ ವರದಿಗಾರ ಗೋಡೆಯ ಮರೆಯಲ್ಲಿದ್ದರೆ ಅವನ ಚಿತ್ರ ತೆಗೆಯುತ್ತಿರುವವನು ಎಲ್ಲಿ ನಿಂತಿದ್ದಾನೆ? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿತು. ಸಂಜೆ ಫೋನಿನಲ್ಲಿ, ನಿನಗೆ ಹೆಲ್ಮೆಟ್ ಇದೆಯೇನು ಎಂದು ಕೇಳಿದೆ. ಒಂದೇ ಇದೆ, ಟೀವಿಯಲ್ಲಿ ಕಾಣುವವರಿಗೆ ಕೊಟ್ಟಿದ್ದಾರೆ ಎಂದು ಇದ್ದದ್ದು ಇದ್ದಂತೆ ಹೇಳಿದ. ನಾನು ಬಾಯಿಗೆ ಬಂದಂತೆ ಬೈದೆ, ಅತ್ತೆ, ಬಿಟ್ಟು ಬಾ ಎಂದೆ. ಮರುದಿನ ತಾನೇ ಫೋನ್ ಮಾಡಿದ. "ನನಗೂ ಒಂದು ಕೊಟ್ಟಾರ ಯಕ್ಕಾ. ನೀ ಮಕ್ಕೋ ಇನ್ನ." ಅವನು ಹೇಳಿದ ಮೇಲೆ ಮುಗಿಯಿತಲ್ಲ! ಅಂದಿನಿಂದ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಆಮೇಲೆ ಒಂದು ಮಧ್ಯಾಹ್ನ ಅವನೇ ಸುದ್ದಿಯಾದ. ಒಂದು ಚಾನೆಲ್ಲು ಮಾರುಕಟ್ಟೆಯಲ್ಲಿ ಎಂದಿತು, ಇನ್ನೊಂದು ಸೇತುವೆಯ ಮೇಲೆ ಎಂದಿತು, ಮತ್ತೊಂದು ಸೈನಿಕರ ಜೊತೆ ಮುಂದಿನ ಸಾಲಿನಲ್ಲಿದ್ದ ಎಂದು ಕೂಗಿತು. ಒಬ್ಬರಂತೂ ಅರ್ಧ ದಿನ ಬೇರೆ ಯಾರದೋ ಫೋಟೋ ಹಾಕಿದ್ದರು, ದಪ್ಪ ಮೀಸೆಯವನದು. ಅದನ್ನು ನೋಡಿ ನನಗೆ ಒಂದು ಗಳಿಗೆ ಆಸೆಯಾಯಿತು. ಮನೆಯ ಮುಂದೆ ಮೈಕುಗಳು ಬಂದವು. ಅಮ್ಮಾ, ಫೋಟೋ ಹಿಡಿದುಕೊಂಡು ಸ್ವಲ್ಪ ಬೆಳಕಿನ ಕಡೆ ತಿರುಗಿ ಎಂದರು. ತಿರುಗಿದೆ. ಕಾದಾಡುತ್ತಿದ್ದ ಒಂದು ದೇಶದವರು ಅವನನ್ನು ಕೊಂದದ್ದು ಇನ್ನೊಂದು ದೇಶದ ಫಿರಂಗಿ ಶೆಲ್ಲು ಎಂದರು, ಆ ದೇಶದವರು ಇವರದ್ದೇ ಎಂದರು. ಅವನು ಯಾರ ಪರ ಸತ್ತ ಎಂಬುದರ ಮೇಲೆ ಸ್ಟುಡಿಯೋದಲ್ಲಿ ಕೆಲವು ಸಂಜೆ ಜಗಳ ನಡೆಯಿತು. ನಂತರ ಒಬ್ಬ ನಟನ ಮದುವೆ ಬಂತು, ಎಲ್ಲರೂ ಅಲ್ಲಿಗೆ ಹೋದರು.

ಮನೆ ಖಾಲಿಯಾಯಿತು. ನಮ್ಮ ಮನೆಯವರು ಟೀವಿ ಹಚ್ಚುವುದನ್ನು ಬಿಟ್ಟಿದ್ದಾರೆ. ಸಂಜೆ ಅವನ ಫೋನು ಬರುವ ಹೊತ್ತು ಬಂದರೆ ಇಬ್ಬರೂ ಫೋನಿನ ಕಡೆ ನೋಡುತ್ತೇವೆ. ನಾನು ಓಣಿಯವರ ಮುಂದೆ ಏನನ್ನಾದರೂ ಹಿಗ್ಗಿಸಿ ಹೇಳಿದರೆ ಎಲ್ಲರೂ ಹೌದೌದು ಎನ್ನುತ್ತಾರೆ. ಅಲ್ಲ ಎನ್ನುವವರು ಯಾರೂ ಇಲ್ಲ. ಮಾತಾಡುವುದೇ ಕಡಿಮೆಯಾಗಿದೆ.

ಕೆಲವು ತಿಂಗಳ ಮೇಲೆ ಅವನ ಜೊತೆಗಿದ್ದ ಆ ವರದಿಗಾರ ನಮ್ಮ ಮನೆ ಹುಡುಕಿಕೊಂಡು ಬಂದ. ಬೆಂಗಳೂರು ಕಡೆಯವನು, ಚಿಕ್ಕ ವಯಸ್ಸು. ಟೀವಿಯಲ್ಲಿ ಕಂಡಷ್ಟು ಎತ್ತರ ಇರಲಿಲ್ಲ. ಕೊಟ್ಟ ಚಹಾ ಮುಟ್ಟದೆ ಕೂತಿದ್ದ. ನಾನು ಕಾದಿದ್ದ ಸುದ್ದಿ ಇವನ ಹತ್ತಿರ ಇರಬಹುದು ಎಂದುಕೊಂಡು ಕೇಳಿದೆ. ಅಂದು ತಾನು ಹೋಟೆಲ್ಲಿನಲ್ಲಿದ್ದೆ ಎಂದ. ಟೀವಿಗೆ ಬಾರದ ಆ ಮುದುಕಿಯ ಚಿತ್ರವನ್ನು ಇನ್ನೊಮ್ಮೆ ತೆಗೆದು ಕಳಿಸುತ್ತೇನೆಂದು ನನ್ನ ತಮ್ಮ ಒಬ್ಬನೇ ಬೆಳಿಗ್ಗೆ ಆ ಕಡೆಗೆ ಹೋಗಿದ್ದನಂತೆ. ಅವಳ ಮನೆ ಮುಟ್ಟಿದನೋ ಇಲ್ಲವೋ ಗೊತ್ತಿಲ್ಲವಂತೆ.

ಹೆಲ್ಮೆಟ್ ಹಾಕಿಕೊಂಡಿದ್ದನೇನಪ್ಪಾ ಎಂದೆ.

ಅವನು ತಲೆ ತಗ್ಗಿಸಿದ. "ಇದ್ದದ್ದು ಒಂದೇ, ಅಕ್ಕಾ. ಕೊನೇವರೆಗೂ ಅದು ನನ್ನ ಹತ್ರಾನೇ ಇತ್ತು."

ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ನಾನು ಕೂತೇ ಇದ್ದೆ. ನನ್ನ ತಮ್ಮ ಅಪ್ಪನಿಗೆ ಸುಳ್ಳು ಹೇಳಲಿಲ್ಲ, ಬೀಗರಿಗೆ ಹೇಳಲಿಲ್ಲ, ಚಾನೆಲ್ಲಿನವರು ಹೇಳು ಎಂದಾಗಲೂ ಹೇಳಲಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಅವನು ಹೇಳಿದ್ದು ಒಂದೇ ಸುಳ್ಳು. ಅದನ್ನು ನನಗೆ ಹೇಳಿದ. ನಾನು ಮಲಗಲಿ ಎಂದು ಹೇಳಿದ.

ಅವನನ್ನು ಕೆರೂರಿನಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದ್ದೇವೆ. ಆ ಜಾಗ ನನಗೆ ಗೊತ್ತು. ಅವನು ಬಿದ್ದದ್ದು ಎಲ್ಲಿ ಎಂಬುದು ಇನ್ನೂ ಗೊತ್ತಿಲ್ಲ. ಆಗ ಅವನ ಹತ್ತಿರ ಯಾರಾದರೂ ಇದ್ದರೋ ಇಲ್ಲವೋ, ಅದೂ ಗೊತ್ತಿಲ್ಲ.