ಗೋಡೆಗೊಂದು ಬಂಡೆ

ಕಲ್ಲಿನ ಫೋಟೋ ತೆಗೆಯುವವನನ್ನು ಕಂಡರೆ ಜನ ಸುಮ್ಮನೆ ಹೋಗುವುದಿಲ್ಲ, ಏನಾದರೂ ಒಂದು ಹೇಳಿಯೇ ಹೋಗುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ವಾರದಲ್ಲಿ ಆರು ದಿನ ಪಾಸ್‌ಪೋರ್ಟ್ ಸೈಜಿನ ಮುಖಗಳು, ಭಾನುವಾರ ಬಂಡೆಗಳು. ಮುಖಗಳಿಗೆ ಸ್ವಲ್ಪ ನಗಿ ಎಂದು ಬೇಡಿಕೊಳ್ಳಬೇಕು. ಬಂಡೆಗೆ ಎಳೆಬಿಸಿಲು ತಾಗಿದರೆ ಸಾಕು, ತಾನಾಗಿಯೇ ಅರಳುತ್ತದೆ. ಅದನ್ನು ನೋಡುತ್ತ ನಿಂತರೆ ನನಗೆ ಮನೆ, ತಿಂಡಿ, ಬಸ್ಸಿನ ಹೊತ್ತು ಯಾವುದೂ ನೆನಪಿರುವುದಿಲ್ಲ.

ನನ್ನ ಹೆಂಡತಿಗೆ ಎಲ್ಲವೂ ನೆನಪಿರುತ್ತದೆ, ಅವಳು ಸ್ಕೂಲ್ ಟೀಚರ್. ನಮ್ಮ ಮನೆಯ ಹಾಲ್‌ನ ಗೋಡೆಗೆ ಒಂದು ಬಂಡೆಯ ಫೋಟೋ ಹಾಕಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಅವಳದೊಂದು ಷರತ್ತು. "ನೆಂಟರಲ್ಲದೋರು ಯಾರಾದ್ರೂ ಒಬ್ರು ನಿಮ್ಮ ಕಲ್ಲಿನ ಫೋಟೋನ ತಾವಾಗೇ ಕೇಳಿ ಇಸ್ಕೊಂಡು, ಬರೀ ನೋಡೋಕೆ ಅಂತ ಮನೇಲಿ ಹಾಕ್ಲಿ. ಆಮೇಲೆ ನಮ್ಮ ಗೋಡೆಗೆ ಮೊಳೆ ಹೊಡೀರಿ." ಆವತ್ತಿನಿಂದ ಆ ಒಬ್ಬರನ್ನು ಹುಡುಕುತ್ತಿದ್ದೆ.

ಒಂದು: ಮಿಠಾಯಿ

ಮೊದಲು ಸ್ಟುಡಿಯೋದಲ್ಲೇ ಗಾಳ ಹಾಕಿದೆ. ಬೆಟ್ಟದ ತಪ್ಪಲಿನ ಗುಲಾಬಿ ಗ್ರಾನೈಟನ್ನು ತೀರ ಹತ್ತಿರದಿಂದ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೌಂಟರಿನ ಹಿಂದೆ ಇಟ್ಟೆ. ಗುಲಾಬಿ ಹರಳು, ಅದರ ನಡುವೆ ಗಾಜಿನಂಥ ಹರಳು, ಅಲ್ಲಲ್ಲಿ ಕಪ್ಪು ಕಾಗೆಬಂಗಾರದ ಚೂರು. ನೋಡಿದಷ್ಟೂ ಒಳಗೆ ಇನ್ನೊಂದು ಲೋಕ ತೆರೆಯುತ್ತಿತ್ತು.

ತರಕಾರಿ ಮಂಡಿಯ ಹಿರಿಯರೊಬ್ಬರು ಫೋಟೋ ತೆಗೆಸಲು ಬಂದರು. ಅದನ್ನೇ ನೋಡುತ್ತ ಕೂತರು. ಐದು ನಿಮಿಷವಾಯಿತು, ಕಣ್ಣು ಕೀಳಲಿಲ್ಲ. ಸಿಕ್ಕಿದರಲ್ಲಪ್ಪ ರಸಿಕರು ಎಂದು ಹಿಗ್ಗಿದೆ.

"ಕೊಬ್ಬರಿ ಮಿಠಾಯಿ ಭೋ ಚೆನ್ನಾಗಿ ಬಂದೈತೆ. ಯಾವ ಬೇಕರೀದು?" ಎಂದರು.

ಮಿಠಾಯಿಯಲ್ಲ ಸ್ವಾಮಿ, ಕಲ್ಲು ಎಂದೆ.

"ನಂಗೊತ್ತು ಬಿಡಿ," ಎಂದು ನಿಟ್ಟುಸಿರು ಬಿಟ್ಟರು. "ನಮ್ಮ ಬೀದಿ ಬೇಕರೀದೂ ಹಂಗೇ ಇರ್ತದೆ."

ಎರಡು: ಸಸಿಗಳು

ಗೌರಿಬಿದನೂರಿನ ಆಚೆ, ಆಂಧ್ರದ ಗಡಿ ಹತ್ತಿರ, ಒಬ್ಬರ ಹೊಲದ ಬದುವಿನಲ್ಲಿ ಕಪ್ಪು ಬಂಡೆಯೊಂದಿದೆ. ಅದರ ಮೈಯನ್ನು ಅಡ್ಡಲಾಗಿ ಸೀಳಿಕೊಂಡು ಬೆಣಚುಕಲ್ಲಿನ ಬಿಳಿ ಗೆರೆ ಹೋಗಿದೆ. ಸಂಜೆಗೆ ಆ ಗೆರೆಯೊಂದೇ ಬೆಳಗುತ್ತದೆ. ನಾನು ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಒಂದು ಕಣ್ಣು ಮುಚ್ಚಿ ಆ ಬೆಳಕಿಗೆ ಕಾಯುತ್ತಿದ್ದೆ. ಹೊಲದ ಯಜಮಾನರು ಬಂದರು.

"ಏಮಿ ಸಾರ್, ರೋಡ್ ಇಲ್ಲೇ ಹೋಗ್ತದಾ?"

ರೋಡಲ್ಲ, ಈ ಬಿಳಿ ಗೆರೆ ನೋಡಲು ಬಂದೆ ಎಂದೆ. ಅವರು ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು, ಸ್ಟ್ಯಾಂಡನ್ನು ಜಾಸ್ತಿ ಹೊತ್ತು ನೋಡಿದರು. "ಆಯ್ತು ಬಿಡಿ, ನೀವು ಹೇಳಂಗಿಲ್ಲ, ನಾವು ಕೇಳಂಗಿಲ್ಲ," ಎಂದು ಎಳನೀರು ಕೆತ್ತಿ ಕೊಟ್ಟರು.

ಮುಂದಿನ ಭಾನುವಾರ ಹೋದರೆ ಬಂಡೆಯ ಸುತ್ತ ಸಾಲಾಗಿ ಮಾವಿನ ಸಸಿಗಳು. ರಸ್ತೆಗೆ ಜಮೀನು ಹೋಗುವಾಗ ಮರವಿದ್ದರೆ ಪರಿಹಾರ ಜಾಸ್ತಿ ಎಂಬುದು ಈ ಕಡೆ ಎಲ್ಲರಿಗೂ ಗೊತ್ತು. ನನ್ನ ಬಿಳಿ ಗೆರೆ ಎಲೆಗಳ ಹಿಂದೆ ಮುಳುಗಿತ್ತು. ಅಯ್ಯೋ, ಬಂಡೆಯೇ ಕಾಣುತ್ತಿಲ್ಲವಲ್ಲ ಎಂದು ಪೇಚಾಡಿದೆ.

ಯಜಮಾನರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬಂಡೆ ಬಿಡಿ ಸಾರ್. ಸಸಿ ಹಳೇವು ಅನ್ನಂಗೆ ಕಾಣ್ಬೇಕು, ಹಂಗೆ ತೆಗೀರಿ."

ಮೂರು: ಒಗೆತ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರು ನನಗೆ ಹಳೆಯ ಸ್ನೇಹಿತರು. ಬಣ್ಣ ಬಲ್ಲವರು, ಇವರಾದರೂ ಒಂದು ಹಾಕಿಕೊಂಡಾರು ಎಂದು ಅವರ ಮನೆಗೆ ಒಂದು ವಿಶೇಷ ಚಿತ್ರ ಒಯ್ದೆ. ಮುರುಗಮಲ್ಲದ ಹತ್ತಿರ ಸಿಕ್ಕ ಒಂದು ಕರಿಕಲ್ಲನ್ನು ನನ್ನ ಪರಿಚಯದ ಲೆಕ್ಚರರ್ ಒಬ್ಬರು ಕೂದಲಿಗಿಂತ ತೆಳ್ಳಗೆ ತೇಯ್ದು, ಮೈಕ್ರೋಸ್ಕೋಪಿನಡಿ ಇಟ್ಟು ತೆಗೆದದ್ದು. ಹೊರಗೆ ಇದ್ದಿಲಿನಂತಿದ್ದ ಕಲ್ಲು. ಒಳಗೆ ನೋಡಿದರೆ ನವಿಲುನೀಲಿ, ಗಿಳಿಹಸಿರು, ಕುಂಕುಮದ ಕೆಂಪು. ಇಷ್ಟು ಬಣ್ಣವನ್ನು ಯಾರಿಗೂ ತೋರಿಸದೆ ಕತ್ತಲಲ್ಲಿ ಬಚ್ಚಿಟ್ಟುಕೊಂಡಿತ್ತಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸಾಹೇಬರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಚಹಾ ಆರಿತು. ಆಮೇಲೆ ಫೋಟೋವನ್ನು ಒಳಗೆ ಹೆಂಡತಿಯ ಕೈಗೆ ಕೊಟ್ಟರು. ಒಳಗಿನಿಂದ ಪ್ರಶ್ನೆ ಬಂತು: "ಸೀರೆ ಬಾರ್ಡರ್‌ಗೆ ಚೆನ್ನಾಗೈತೆ. ಬಣ್ಣ ಹೋಗಲ್ವಾ ಕೇಳಿ."

ಕೋಟ್ಯಂತರ ವರ್ಷದಿಂದ ಹೋಗಿಲ್ಲ ತಾಯಿ ಎಂದೆ.

"ಅಂಗಡಿಯೋರು ಎಲ್ರೂ ಹಂಗೇ ಹೇಳ್ತಾರೆ," ಎಂದಿತು ಒಳಗಿನ ದನಿ. "ಒಂದು ಸಲ ಒಗೆದ ಮೇಲೆ ಅಲ್ವಾ ಗೊತ್ತಾಗೋದು."

ನಾಲ್ಕು: ಹಾರ

ದಿಬ್ಬೂರಹಳ್ಳಿಯ ಹತ್ತಿರ ಒಬ್ಬ ಅಜ್ಜಿಯ ಮನೆ. ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಕಣದಷ್ಟು ಅಗಲದ ಬಂಡೆ. ಬೂದು ಮೈಮೇಲೆ ಗುಲಾಬಿ ಪಟ್ಟೆಗಳು ಬಳುಕುತ್ತ ಹೋಗಿದ್ದವು. ಈ ಕಲ್ಲು ಒಂದಾನೊಂದು ಕಾಲಕ್ಕೆ ಬೆಂದು, ಮೆತ್ತಗಾಗಿ, ಹಿಟ್ಟಿನ ಹಾಗೆ ನಾದಿಸಿಕೊಂಡದ್ದು ಎಂದು ಲೆಕ್ಚರರ್ ಹೇಳಿದ್ದರು. ಇಬ್ಬನಿ ಆರುವ ಹೊತ್ತಿಗೆ ನೋಡಿದರೆ ಇನ್ನೂ ಮೆಲ್ಲಗೆ ಹರಿಯುತ್ತಿದೆಯೇನೋ ಅನ್ನಿಸುತ್ತಿತ್ತು.

ಅಜ್ಜಿ ಅದರ ಮೇಲೆ ಹುಣಿಸೆಹಣ್ಣು ಒಣಹಾಕಿದ್ದರು. "ತೆಕ್ಕೋಳಪ್ಪ. ಹುಣಿಸೆಹಣ್ಣು ಫೋಟೋದಲ್ಲಿ ಬೀಳದಂಗೆ ತೆಕ್ಕೋ, ದೃಷ್ಟಿ ಆಗ್ತದೆ."

ಮುಂದಿನ ವಾರ ಪ್ರಿಂಟ್ ಒಯ್ದು ಕೊಟ್ಟೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. "ಯಾವ ದೇಶ ಇದು? ಎಷ್ಟು ಚೆಂದೈತೆ."

ನಿಮ್ಮ ಹಿತ್ತಲೇ ಕಣಜ್ಜಿ ಎಂದೆ. ಅವರು ಬಾಗಿಲಿಗೆ ಹೋಗಿ ಬಂಡೆ ನೋಡಿದರು, ಫೋಟೋ ನೋಡಿದರು, ಮತ್ತೆ ಬಂಡೆ ನೋಡಿದರು. ಆಮೇಲೆ ಫೋಟೋ ವಾಪಸ್ಸು ಕೊಟ್ಟರು. "ಅದೇ ಇಲ್ಲೈತಲ್ಲಪ್ಪ. ಫೋಟೋ ಯಾಕೆ?"

ಒಂದು ವರ್ಷದ ಮೇಲೆ ಅವರೇ ಫೋನ್ ಮಾಡಿದರು. "ಆ ಫೋಟೋ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕಳಿಸಪ್ಪ. ಗೋಡೆಗೆ ಹಾಕ್ಬೇಕು." ನಾನು ಕುಣಿಯದೇ ಇದ್ದದ್ದು ವಯಸ್ಸಿಗೆ ಮರ್ಯಾದೆ ಕೊಟ್ಟು. ಕೂಡಲೇ ಬಸ್ಸಿಗೆ ಹಾಕಿ ಕಳಿಸಿದೆ. ಭಾನುವಾರ ಹೆಂಡತಿಯನ್ನು ಕಣ್ಣಾರೆ ನೋಡು ಬಾ ಎಂದು ಹೊರಡಿಸಿದೆ.

ಮೊದಲು ಬಂಡೆಯನ್ನೇ ತೋರಿಸೋಣವೆಂದು ಅವಳನ್ನು ಹಿತ್ತಲಿಗೆ ಕರೆದೊಯ್ದೆ. ಹಿತ್ತಲಲ್ಲಿ ಬಂಡೆ ಇರಲಿಲ್ಲ. ಗುಂಡಿ ಇತ್ತು. ಆ ಜಾಗ ಪಕ್ಕದ ಹೊಲದವರದು, ಕಲ್ಲು ಕ್ವಾರಿಯವರಿಗೆ ಕೊಟ್ಟಿದ್ದರು. ಬಂಡೆ ಜಲ್ಲಿಯಾಗಿ ಯಾವುದೋ ರಸ್ತೆಗೆ ಹೋಗಿತ್ತು. ನನಗೆ ಬಹಳ ಸಂಕಟವಾಯಿತು.

ಒಳಗೆ ಹೋದೆವು. ಹಾಲ್‌ನ ಗೋಡೆಯ ನಟ್ಟನಡುವೆ ನನ್ನ ಬಂಡೆಯ ಫೋಟೋ. ಅದಕ್ಕೆ ಕುಂಕುಮ, ಗಂಧದ ಹಾರ, ಕೆಳಗೊಂದು ದೀಪ. ತೀರಿಕೊಂಡ ಹಿರಿಯರಿಗೆ ಹಾಕುವ ಹಾಗೆಯೇ. ಅದರ ಕೆಳಗೆ ಕುರ್ಚಿಯಲ್ಲಿ ಅಜ್ಜಿಯ ಯಜಮಾನರು ಮುಖ ದಪ್ಪ ಮಾಡಿಕೊಂಡು ಕೂತಿದ್ದರು.

"ನೋಡಿ ಸಾರ್," ಎಂದರು. "ಐವತ್ತು ವರ್ಷ ಸಂಸಾರ ಮಾಡಿದ್ದೀನಿ. ನಂದೊಂದು ಫೋಟೋ ಹಾಕಿಲ್ಲ ಇವಳು."

"ನೀನಿನ್ನೂ ಇದ್ದೀಯಲ್ಲ, ಸುಮ್ಕಿರು," ಎಂದರು ಅಜ್ಜಿ.

ನನ್ನ ಹೆಂಡತಿ ಪರೀಕ್ಷೆ ಬಿಡಲಿಲ್ಲ. "ಯಾತಕ್ಕೆ ಹಾಕಿದ್ದೀರಜ್ಜಿ ಇದನ್ನ?"

"ನೋಡಾಕೆ ಕಣಮ್ಮ, ಇನ್ಯಾತಕ್ಕೆ?" ಅಜ್ಜಿ ದೀಪದ ಬತ್ತಿ ಸರಿಮಾಡಿದರು. "ಮದುವೆಯಾಗಿ ಬಂದಾಗಿಂದ ಅದರ ಮೇಲೆ ಕೂತೆ, ಕಣ್ಣೀರು ಹಾಕ್ದೆ, ರಾಗಿ ಒಣಗಿಸ್ದೆ. ಒಂದು ದಿನಾನೂ ಎದುರಿಗೆ ನಿಂತು ಮುಖ ನೋಡ್ಲಿಲ್ಲ."

ಷರತ್ತು ಗೆದ್ದಿದ್ದೆ. ಗೆದ್ದ ಸಂತೋಷ ಮಾತ್ರ ಬರಲಿಲ್ಲ. ವಾಪಸ್ಸು ಬರುವಾಗ ಬಸ್ಸು ಶಿಡ್ಲಘಟ್ಟ ದಾಟಿತು. ಕಿಟಕಿಯಾಚೆ ಗುಡ್ಡಗಳು ಒಂದೊಂದಾಗಿ ಸಂಜೆಯ ಬಿಸಿಲಿಗೆ ಕೆಂಪಾಗುತ್ತಿದ್ದವು. ಅವಳು ಅವನ್ನು ಬಹಳ ಹೊತ್ತು ನೋಡಿದಳು.

"ನಾಳೆ ಮೊಳೆ ಹೊಡೀರಿ," ಎಂದಳು ಕೊನೆಗೆ. "ಆದ್ರೆ ಬದುಕಿರೋ ಬಂಡೆದೇ ನೋಡಿ ಹಾಕಿ. ಮನೇಲಿ ಇಲ್ಲದ ಸೂತಕ ತರ್ಬೇಡಿ."