ಡಾಕ್ಟ್ರಣ್ಣನ ಕೆಂಪು ಪೆಟ್ಟಿಗೆ

ಅವತ್ತು ಕಟಿಂಗ್ ಅಂಗಡಿಯಲ್ಲಿ ಕುರ್ಚಿ ಖಾಲಿ ಇರದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಕೊರಿಯರ್ ಕಂಪನಿಯವರು ಬೈಕಿನಲ್ಲಿ ಪಾರ್ಸೆಲ್ ಹಂಚುವವರಿಗೆಲ್ಲ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಇಟ್ಟಿದ್ದರು. ನಮ್ಮ ಪುಣ್ಯಾತ್ಮ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಹಿಂಬಾಗಿಲಿಂದ ಜಾರಿಕೊಂಡು, ಎದುರಿನ ಕಟಿಂಗ್ ಅಂಗಡಿಯಲ್ಲಿ ತಲೆ ಒಪ್ಪಿಸಿ, ಅಲ್ಲೇ ಗೊರಕೆ ಹೊಡೆದ. ಸಂಜೆ ಎದ್ದು ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಸರ್ಟಿಫಿಕೇಟು, ಔಷಧಿಯ ಕೆಂಪು ಪೆಟ್ಟಿಗೆ ಎರಡನ್ನೂ ಇಸಿದುಕೊಂಡು ಮನೆಗೆ ಬಂದ.

ಹೆಂಡತಿ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ, ಊಟಕ್ಕೆ ಕೂತರೆ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ತೂಗುಹಾಕಿದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಗಂಡನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಬೀದಿಯವರು 'ಡಾಕ್ಟ್ರಣ್ಣ' ಅಂದರು. ಏನು ಕಲಿಸಿದರು ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದದ್ದು ಹೇಳಿದ.

"ಬೈಕಿಂದ ಬಿದ್ದೋನನ್ನ ಏಳೋಕೆ ಬಿಡಬಾರ್ದು," ಎಂದು ಪಕ್ಕದ ಮನೆಯ ಟೈಲರಿಗೆ ಹೇಳಿದ. "ಏನೂ ಆಗಿಲ್ಲ ಅಂದ್ರೆ ನಂಬಲೇಬಾರ್ದು. ತಲೆಗೆ ಪೆಟ್ಟು ಬಿದ್ದೋರಂತೂ ಮಾಡದೇ ಇರೋ ತಪ್ಪೆಲ್ಲ ಒಪ್ಕೋತಾರೆ."

ಜೊತೆಗಿದ್ದ ನಿವೃತ್ತ ಮೇಷ್ಟ್ರು ಅಷ್ಟನ್ನೂ ಡೈರಿಯಲ್ಲಿ ಬರೆದುಕೊಂಡರು.

ಇವತ್ತು ಬೆಳಿಗ್ಗೆ, ತನ್ನದೇ ಬೀದಿಯ ತಿರುವಿನಲ್ಲಿ, ಚೆಲ್ಲಿದ ಮರಳಿನ ಮೇಲೆ ಡಾಕ್ಟ್ರಣ್ಣನ ಬೈಕ್ ಜಾರಿತು. ಮೊಣಕಾಲು ತರಚಿತು, ಅಷ್ಟೇ. ಎದ್ದು ಪ್ಯಾಂಟು ಕೊಡವಿಕೊಳ್ಳುವಷ್ಟರಲ್ಲಿ ಟೈಲರ್ ಓಡಿಬಂದು ಭುಜ ಅದುಮಿ ಮಲಗಿಸಿಯೇಬಿಟ್ಟ.

"ಅಯ್ಯೋ, ಏನೂ ಆಗಿಲ್ಲ ಕಣಯ್ಯಾ, ಬಿಡೋ!"

"ಕೇಳಿದ್ರಾ ಮೇಷ್ಟ್ರೇ? ಏನೂ ಆಗಿಲ್ವಂತೆ!"

"ಡೈರೀಲಿ ಹಾಗೇ ಇದೆ," ಎಂದರು ಮೇಷ್ಟ್ರು ಗಾಬರಿಯಿಂದ. "ಗಟ್ಟಿಯಾಗಿ ಹಿಡ್ಕೋ."

ಬೀದಿಯೇ ನೆರೆಯಿತು. ಟೈಲರ್ ಬೈಕಿನ ಕೆಂಪು ಪೆಟ್ಟಿಗೆ ತೆರೆದ. ಒಳಗೆ ಒಂದು ಬಾಚಣಿಗೆ, ಎರಡು ಸ್ಪಾನರ್, ಅರ್ಧ ಪ್ಯಾಕೆಟ್ ಬಿಸ್ಕತ್ತು. ಅದರಲ್ಲಿದ್ದ ಕತ್ತರಿ ಈಗ ಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿತ್ತು. ಬ್ಯಾಂಡೇಜು ನಂಬರ್ ಪ್ಲೇಟು ಕಳಚಿ ಬೀಳದಂತೆ ಕಾಯುತ್ತಿತ್ತು. ಡಾಕ್ಟ್ರಣ್ಣನಿಗೆ ಆ ಮರಳಿನೊಳಗೇ ಹೂತುಹೋಗಬೇಕು ಅನ್ನಿಸಿತು.

"ಪಾಪ, ಇದ್ದದ್ದನ್ನೆಲ್ಲ ಇನ್ನೊಬ್ರಿಗೇ ಖರ್ಚು ಮಾಡಿದಾನೆ," ಎಂದು ಟೈಲರ್ ಕಣ್ಣೊರೆಸಿಕೊಂಡ. ಆ ಮಾತು ಮೊಣಕಾಲಿಗಿಂತ ಜಾಸ್ತಿ ಉರಿಯಿತು.

ಟೈಲರ್ ಅಂಗಡಿಯಿಂದ ಲೈನಿಂಗ್ ಬಟ್ಟೆ ತಂದ. ಅಭ್ಯಾಸಬಲದಿಂದ ಮೊದಲು ಕಾಲಿನ ಅಳತೆ ತೆಗೆದುಕೊಂಡ. ಆಮೇಲೆ ಪಾದದಿಂದ ಸೊಂಟದವರೆಗೆ ಸುತ್ತಿದ.

ಯಾರೋ ಫೋನ್ ಮಾಡಿ ಆಫೀಸಿನ ಮ್ಯಾನೇಜರನ್ನೂ ಕರೆಸಿದರು. ಅವರ ಹಿಂದೆಯೇ ಹೆಂಡತಿ ಬರಿಗಾಲಲ್ಲಿ ಓಡಿಬಂದಳು. ಅವಳ ಕಣ್ಣಲ್ಲಿ ನೀರು ಕಂಡಾಗ ಡಾಕ್ಟ್ರಣ್ಣನ ಜೀವ ಹಿಡಿಯಷ್ಟಾಯಿತು. ಇನ್ನು ಮುಚ್ಚಿಡಲಾರೆ ಅನ್ನಿಸಿತು.

"ನಿಲ್ಸ್ರಪ್ಪಾ! ನಾನು ತರಬೇತಿಗೆ ಕೂತೇ ಇಲ್ಲ. ಕಟಿಂಗ್ ಅಂಗಡೀಲಿ ಮಲಗಿದ್ದೆ. ನಿಮಗೆ ಹೇಳಿದ್ದೆಲ್ಲ ಬರೀ ಬುರುಡೆ!"

ಮೇಷ್ಟ್ರು ಅವಸರವಾಗಿ ಡೈರಿಯ ಹಾಳೆ ತಿರುವಿದರು. "ಮಾಡದೇ ಇರೋ ತಪ್ಪು ಒಪ್ಕೋತಿದಾನೆ! ತಲೆಗೇ ಪೆಟ್ಟಾಗಿದೆ!"

"ಹೌದು," ಎಂದರು ಮ್ಯಾನೇಜರ್. "ಹಾಜರಿ ಪುಸ್ತಕದಲ್ಲಿ ಇವನ ಸಹಿ ನಾನೇ ನೋಡಿದೀನಿ."

ಹೆಂಡತಿ ಮಾತ್ರ ಅಳು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. ಉಳಿದ ಬಟ್ಟೆಯನ್ನು ಟೈಲರ್ ತಲೆಗೆ ಸುತ್ತಿದ, ಬಾಯಿಯನ್ನೂ ಸೇರಿಸಿ.

ಮ್ಯಾನೇಜರ್ ಸುತ್ತ ಕಣ್ಣಾಡಿಸಿ ತಲೆದೂಗಿದರು. "ಒಂದು ಬೀದಿಗೆ ಬೀದೀನೇ ತಯಾರು ಮಾಡಿದಾನಲ್ರೀ! ಬರೋ ಮಂಗಳವಾರ ಹೊಸಬರಿಗೆಲ್ಲ ಇವನೇ ತರಬೇತಿ ಕೊಡ್ಲಿ."

"ಊಂ! ಊಂ!" ಎಂದು ಡಾಕ್ಟ್ರಣ್ಣ ಒದ್ದಾಡಿದ.

"ಒಪ್ಕೊಂಡ," ಎಂದರು ಮೇಷ್ಟ್ರು.

ಮನೆಗೆ ಹೊತ್ತು ತಂದು ಮಲಗಿಸಿ ಎಲ್ಲರೂ ಹೋದರು. ಹೆಂಡತಿ ಪಕ್ಕದಲ್ಲಿ ಕೂತು ನಿಧಾನವಾಗಿ ಬಟ್ಟೆ ಬಿಚ್ಚತೊಡಗಿದಳು. ಬಾಯಿ ಬಿಡುಗಡೆಯಾದ ಕೂಡಲೇ ಅವನು ಅವಳ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿದ. ಅಲ್ಲಿ ಸರ್ಟಿಫಿಕೇಟು ತೂಗುತ್ತಿತ್ತು.

"ನಾನು ಹೇಳಿದ್ದು ನಿಜ ಕಣೇ."

"ಗೊತ್ತು," ಎಂದಳು. "ಅವತ್ತು ಕಾಲರ್ ತುಂಬಾ ಕೂದಲಿತ್ತಲ್ಲ. ಅಂಗಿ ಒಗೆದೋಳು ನಾನೇ ತಾನೇ?"

"ಮತ್ತೆ ಸರ್ಟಿಫಿಕೇಟಿಗೆ ಕಟ್ಟು ಯಾಕೆ ಹಾಕ್ಸಿದೆ?"

"ದಿನಾ ನೋಡಿ ನೋಡಿ ನಾಚಿಕೆಯಾಗಿ ನೀವೇ ಬಾಯಿ ಬಿಡ್ತೀರಿ ಅಂತ. ಬಿಟ್ರಿ, ಆದ್ರೆ ನಂಬೋರು ಬೇಕಲ್ಲ." ಅವಳು ಬಟ್ಟೆಯನ್ನು ನೀಟಾಗಿ ಮಡಿಸಿಟ್ಟಳು. "ಮಂಗಳವಾರ ಕಟಿಂಗ್ ಅಂಗಡಿಗೆ ರಜ. ಮೊದಲನೇ ಸಾಲಲ್ಲಿ ನಾನು ಕೂತಿರ್ತೀನಿ."